ರಾಡಿಗಿಂತ ಮುಂಚೆ ಎಣ್ಣೆ



ಮಿರಗದ ಮಳೆ ಕೂಡಿದೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಊರೆಲ್ಲ ಮೆರೆಸಿದ್ದಾಯಿತು. ಈಗ ಹೊಲದಲ್ಲಿ ಹೆಸರು, ಉದ್ದು, ಸೋಯಾ, ತೊಗರಿ ಬಿತ್ತುವ ಅವಸರ. ಈ ಅವಸರದಲ್ಲಿ ಯಾರ ನೆನಪಿಗೂ ಬಾರದ ಪ್ರಾಣಿಯೊಂದಿದೆ. ಅದು ಕುದುರೆ. ನಮ್ಮ ಬೀದರ ಜಿಲ್ಲೆಯಲ್ಲಿ ಈಗ ಉಳಿದಿರುವುದು ರಾಜರ ಕುದುರೆಯಲ್ಲ, ದಂಡಿನ ಕುದುರೆಯೂ ಅಲ್ಲ. ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊರುವ ಬಿಳಿ ಕುದುರೆ, ಕುರಿ ಹಿಂಡಿನ ಹಿಂದೆ ಹಾಸಿಗೆ, ಪಾತ್ರೆ, ಆಗತಾನೇ ಹುಟ್ಟಿದ ಮರಿಗಳನ್ನು ಹೊತ್ತು ನಡೆಯುವ ತಟ್ಟು, ಅಲ್ಲೊಂದು ಇಲ್ಲೊಂದು ಹವ್ಯಾಸಕ್ಕೆ ಸಾಕಿದ ಕುದುರೆಮರಿ. ಇವುಗಳ ಕಾಲಿನ ಬಗ್ಗೆ, ಬಾಲದ ಬಗ್ಗೆ, ಅವಕ್ಕೆ ಹತ್ತುವ ರಾಡಿಯ ಬಗ್ಗೆ ಇವತ್ತು ನಾನು ಮಾತಾಡಬೇಕೆಂದಿದ್ದೇನೆ. ಪಶುವೈದ್ಯನಾಗಿ ಬಸವಕಲ್ಯಾಣ, ಹುಮನಾಬಾದ ತಾಲೂಕುಗಳಲ್ಲಿ ಓಡಾಡಿದವನು ನಾನು. ಮಳೆಗಾಲ ಮುಗಿದ ಮೇಲೆ ಕುಂಟುತ್ತ ಬರುವ ಕುದುರೆಗಳನ್ನು ನೋಡಿದಾಗಲೆಲ್ಲ, ಇದನ್ನು ಮಳೆ ಬೀಳುವ ಮುಂಚೆಯೇ ಹೇಳಬೇಕಿತ್ತು ಅನ್ನಿಸುತ್ತದೆ.

ಮೊದಲು ರಾಡಿಯ ವಿಚಾರ. ನಮ್ಮಲ್ಲಿ ಎರಡು ಬಗೆಯ ಮಣ್ಣಿದೆ. ಹುಮನಾಬಾದಿನಿಂದ ಬೀದರದ ಕಡೆಗೆ ಹೊರಟರೆ ಸಿಗುವುದು ಕೆಂಪು ಜಂಬಿಟ್ಟಿಗೆಯ ನೆಲ. ಮಳೆ ಹೊಯ್ದರೂ ನೀರು ಬೇಗ ಇಳಿಯುತ್ತದೆ, ಮಣ್ಣು ಕಾಲಿಗೆ ಮೆತ್ತಿದರೂ ಉದುರಿಬಿಡುತ್ತದೆ. ಆದರೆ ಕೊಹಿನೂರ, ಮುಡಬಿ ಎಂಬ ಊರುಗಳ ಕಡೆ ಬಂದರೆ ಎರೆ, ಅಂದರೆ ಕಪ್ಪು ಮಣ್ಣು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾಗಿ ಕರಿಕಲ್ಲಾಗಿ, ಆ ಕಲ್ಲು ಸವೆದು ಸವೆದು ಆದ ಮಣ್ಣಿದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಹೆಚ್ಚು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ನೀರು ಆ ಪದರಗಳ ನಡುವೆ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಟ್ರ್ಯಾಕ್ಟರಿನ ಗಾಲಿಯನ್ನೇ ಹಿಡಿದು ನಿಲ್ಲಿಸುವ ಮಣ್ಣಿಗೆ ಕುದುರೆಯ ಕಾಲಿನ ಕೂದಲು ಯಾವ ಲೆಕ್ಕ? ಒಣಗುವಾಗ ಇನ್ನೂ ಕಷ್ಟ. ಉಬ್ಬಿದ ಮಣ್ಣು ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಕೈ ತೂರುವಷ್ಟು ಬಿರುಕು ಬಿಡುವುದು ಇದೇ ಕಾರಣಕ್ಕೆ. ಅದೇ ಕುಗ್ಗುವಿಕೆ ಕುದುರೆಯ ಕಾಲಿನ ಮೇಲೂ ನಡೆಯುತ್ತದೆ. ಒಂದೊಂದು ಕೂದಲನ್ನೂ ಬಿಗಿಹಿಡಿದು ಎಳೆಯುತ್ತದೆ. ಮಾಲೀಕ ಬಂದು ಖರಾರಾ ಹಿಡಿದು ಗಸಗಸ ಉಜ್ಜುತ್ತಾನೆ. ಕೂದಲೂ ಕಿತ್ತು ಬರುತ್ತದೆ, ಚರ್ಮವೂ ಕೆರೆಯುತ್ತದೆ. ಮರುದಿನ ಮತ್ತೆ ಮಳೆ, ಮತ್ತೆ ರಾಡಿ, ಮತ್ತೆ ಖರಾರಾ.

ಈ ರಾಡಿಯನ್ನು ಕುದುರೆಯ ಜೊತೆಗೇ ನೋಡಿ ಬರೆದಿಟ್ಟವನೊಬ್ಬನಿದ್ದಾನೆ. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ, ಬೀದರ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ, ಹೋರ್ಮುಜಿನಿಂದ ಹಡಗಿನಲ್ಲಿ ಒಂದು ಗಂಡು ಕುದುರೆಯನ್ನು ಏರಿಸಿಕೊಂಡು ಚೌಲ್ ಬಂದರಿಗೆ ಬಂದಿಳಿದ. ಅಲ್ಲಿಂದ ಜುನ್ನರಕ್ಕೆ ನಡೆದ. ಜುನ್ನರದಲ್ಲಿ ಅಲ್ಲಿಯ ಖಾನ ಕುದುರೆಯನ್ನು ಕಿತ್ತುಕೊಂಡ, ಪಾಪ ಈ ಪರದೇಶಿ ಕಂಗಾಲಾದ. ಖೊರಾಸಾನಿನ ದೊಡ್ಡ ಮನುಷ್ಯರೊಬ್ಬರು ನಡುವೆ ಬಂದು ಹೇಳಿದ್ದರಿಂದ ಕುದುರೆ ವಾಪಸು ಸಿಕ್ಕಿತು. ಆಗ ಮಳೆಗಾಲ. ಅವನ ಲೆಕ್ಕದಲ್ಲಿ ಅದೇ ಈ ನಾಡಿನ ಚಳಿಗಾಲ. ನಾಲ್ಕು ತಿಂಗಳು ಹಗಲು ರಾತ್ರಿ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಕೆಸರು ಎಂಬುದನ್ನು ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಆಗಸ್ಟ್ ನಡುವಿನ ಹೊತ್ತಿಗೆ ಜುನ್ನರ ಬಿಟ್ಟು, ತಿಂಗಳ ಕಾಲ ನಡೆದು ಬೀದರ ಸೇರಿದ. ಪಡುವಣದಿಂದ ಬೀದರಕ್ಕೆ ಬರುವವರು ಎರೆಭೂಮಿಯನ್ನು ತುಳಿಯದೆ ಬರುವ ದಾರಿಯೇ ಇಲ್ಲ. ಆ ಶ್ರಾವಣ ಭಾದ್ರಪದದಲ್ಲಿ ಹೋರ್ಮುಜಿನಿಂದ ಬಂದ ಅವನ ಕುದುರೆಯ ಕಾಲು ಏನಾಗಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಣ ನೆಲದ ಕಡೆಯಿಂದ ಬಂದ ಪ್ರಾಣಿಗೆ ನಮ್ಮ ಎರೆಯ ಕೆಸರು ಹೊಸದು. ಆ ಕುದುರೆ ಬೀದರದಲ್ಲಿ ಮಾರಾಟವಾಯಿತು.

ನಿಕಿತಿನ್ ಇನ್ನೊಂದು ಸಂಗತಿ ಹೇಳುತ್ತಾನೆ. ಈ ನಾಡಿನ ಜನ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಹಾಕಿ ಖಿಚಡಿ ಬೇಯಿಸಿ, ಅದಕ್ಕೆ ಜಿಡ್ಡು ಬೆರೆಸಿ ತಿನ್ನಿಸುತ್ತಾರೆ ಎಂದು. ಆಳಂದದ ಜಾತ್ರೆಯನ್ನೂ ಅವನು ವರ್ಣಿಸಿದ್ದಾನೆ. ಅಲ್ಲಿಗೆ ಮಾರಾಟಕ್ಕೆಂದು 20 ಸಾವಿರದವರೆಗೆ ಕುದುರೆಗಳು ಬರುತ್ತಿದ್ದವು ಎಂಬುದು ಅವನ ಮಾತು. ಆ ಸಂಖ್ಯೆ ಕೇಳಿದರೆ ಈಗ ಎದೆ ಝಲ್ ಅನ್ನುತ್ತದೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಕುದುರೆ, ತಟ್ಟುಗಳು ಸುಮಾರು 3.4 ಲಕ್ಷ ಮಾತ್ರ. ಅದಕ್ಕಿಂತ ಹಿಂದಿನ, 2012ರ ಗಣತಿಗೆ ಹೋಲಿಸಿದರೆ ಶೇಕಡಾ 45ಕ್ಕೂ ಹೆಚ್ಚು ಇಳಿಕೆ. ಉಳಿದಿರುವ ಒಂದೊಂದು ಕುದುರೆಯೂ ಯಾವುದೋ ಬಡ ಕುಟುಂಬದ ಅನ್ನ. ಅದರ ಕಾಲು ಕೆಡಬಾರದು ಎಂದು ನಾನು ಇಷ್ಟು ಕಳಕಳಿಯಿಂದ ಹೇಳುತ್ತಿರುವುದು ಅದಕ್ಕೇ.

ನಮ್ಮ ನಾಡಿನಲ್ಲಿ ಈ ಕಾಳಜಿ ಹೊಸದೇನಲ್ಲ. ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ ಆ ವಂಶದ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅರಸು ಮನೆತನದವನು ದನದ ರೋಗದ ಬಗ್ಗೆ, ಅದೂ ಜನರ ಭಾಷೆಯಲ್ಲಿ ಬರೆದ ಎಂಬುದು ನನ್ನ ವೃತ್ತಿಯವರಿಗೆಲ್ಲ ಹೆಮ್ಮೆಯ ವಿಷಯ. ಅದೇ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆ ಸವಾರಿಯ ಆಟಕ್ಕೇ ಒಂದು ಪ್ರತ್ಯೇಕ ಭಾಗವಿದೆ. ಮುಂದೆ ಅಭಿನವಚಂದ್ರ ಕನ್ನಡದಲ್ಲಿ ಅಶ್ವವೈದ್ಯ ಬರೆದ, ಮೈಸೂರಿನ ಕಡೆ 1627ರಲ್ಲಿ ಪದ್ಮಣ ಪಂಡಿತ ‘ಹಯಸಾರ ಸಮುಚ್ಚಯ’ ಬರೆದ. ಅರಸರ ಲಾಯದ ಕುದುರೆಗೆ ಶಾಸ್ತ್ರವಿತ್ತು, ನೋಡಿಕೊಳ್ಳಲು ಸಹಿಸನಿದ್ದ, ಮಾಲೀಸಿಗೆ ಆಳುಗಳಿದ್ದರು. ತಗಡಿನ ಚಪ್ಪರದ ಕೆಳಗೆ ನಿಂತ ಮದುವೆ ಕುದುರೆಗೆ ಇರುವವನು ಒಬ್ಬನೇ, ಅದರ ಮಾಲೀಕ. ಅವನೇ ಸಹಿಸ, ಅವನೇ ವೈದ್ಯ.

ಕೊಹಿನೂರದಲ್ಲಿ ಒಮ್ಮೆ ಶ್ರಾವಣದ ಸಂಜೆ ಅಂಥದೇ ಒಂದು ಬಿಳಿ ಹೆಣ್ಣು ಕುದುರೆಯನ್ನು ನೋಡಿದೆ. ಆಷಾಢ ಹಿಡಿದರೆ ಲಗ್ನಗಳಿಲ್ಲ. ದುಡಿಮೆ ಇಲ್ಲದ ಕುದುರೆಯನ್ನು ಮನೆಯ ಹಿಂದಿನ ಬಯಲಿನಲ್ಲಿ ಗೂಟಕ್ಕೆ ಕಟ್ಟಿದ್ದರು. ತುಳಿದು ತುಳಿದು ಗೂಟದ ಸುತ್ತ ಕೆಸರಿನ ಗುಂಡಿ ಬಿದ್ದಿತ್ತು. ಹಿಂಗಾಲಿನಲ್ಲಿ, ಗೊರಸಿನ ಮೇಲ್ಗಡೆ, ಹಿಮ್ಮಡಿಯ ಮಡಿಕೆಯಲ್ಲಿ ಕೈಯಾಡಿಸಿದೆ. ಕೂದಲಿನ ಕೆಳಗೆ ಕಾಳು ಕಾಳಾಗಿ ಹಕ್ಕಳೆ ಸಿಕ್ಕಿತು. ಒಂದನ್ನು ಮೆಲ್ಲಗೆ ಎತ್ತಿದಾಗ ಕೂದಲು ಗೊಂಚಲಾಗಿ ಅದರ ಜೊತೆಗೇ ಬಂತು, ಬಣ್ಣ ಬಳಿಯುವ ಕುಂಚದ ಹಾಗೆ. ಕೆಳಗೆ ಕೆಂಪಗಿನ ಹಸಿ ಚರ್ಮ, ಹಕ್ಕಳೆಯ ಒಳಮೈಗೆ ಹಳದಿ ಬಣ್ಣದ ಕೀವು. ಕುದುರೆ ಕಾಲು ಝಾಡಿಸಿತು. ಮನೆಯವರು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು. ದಿನಾ ಸಂಜೆ ಕೊಳವೆ ಹಿಡಿದು ಕಾಲು ತೊಳೆಯುತ್ತಿದ್ದರು, ತೊಳೆದು ಮತ್ತೆ ಅದೇ ಕೆಸರಿನಲ್ಲಿ ಕಟ್ಟುತ್ತಿದ್ದರು.

ಕಾಲಿಗೆ ಹಾನಿ ಮಾಡುವುದು ರಾಡಿಯೊಂದೇ ಅಲ್ಲ, ಸದಾ ಉಳಿಯುವ ತೇವವೂ. ಚರ್ಮದ ಮೇಲೆ ದೇವರು ಕೊಟ್ಟ ಒಂದು ಜಿಡ್ಡಿನ ಪದರ ಇರುತ್ತದೆ. ದಿನವೂ ನೆನೆದರೆ, ದಿನವೂ ಸಾಬೂನು ಹಾಕಿದರೆ ಆ ಪದರ ಹೋಗುತ್ತದೆ, ಚರ್ಮ ನೆನೆದು ಮೆತ್ತಗಾಗುತ್ತದೆ. ಮಣ್ಣಿನ ಹರಳು ತಾಗಿ ಗೀರಾಗುತ್ತದೆ. ಆಗ ಒಳಹೊಗುವುದು ಡರ್ಮಟೊಫಿಲಸ್ ಕಾಂಗೊಲೆನ್ಸಿಸ್ ಎಂಬ ಸೂಕ್ಷ್ಮಜೀವಿ. 1915ರಲ್ಲಿ ಕಾಂಗೋ ದೇಶದ ದನಗಳಲ್ಲಿ ಇದನ್ನು ಮೊದಲು ಗುರುತಿಸಿದ್ದರಿಂದ ಆ ಹೆಸರು. ಇದರ ಸ್ವಭಾವ ವಿಚಿತ್ರ. ಒಣಗಿದ ಹಕ್ಕಳೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಮಲಗಿರುತ್ತದೆ. ನೀರು ತಾಗಿತೋ, ಈಜಬಲ್ಲ ಬೀಜಕಗಳು ಹೊರಬಿದ್ದು ನೆನೆದ ಚರ್ಮದ ಮೇಲೆ ಹರಿದಾಡಿ ಹೊಸ ಜಾಗ ಹುಡುಕುತ್ತವೆ. ಹಾಗಾಗಿ ರೋಗ ಬಂದ ಕಾಲಿಗೆ ದಿನಾ ನೀರು ಹಾಕುವುದೆಂದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆಯೇ. ಬಿಳಿ ಕಾಲಿನ ಕುದುರೆಗಳಿಗೆ, ಅಂದರೆ ಕೂದಲಿನ ಕೆಳಗೆ ಗುಲಾಬಿ ಬಣ್ಣದ ಚರ್ಮ ಇರುವವಕ್ಕೆ, ಈ ಕಾಟ ಹೆಚ್ಚು. ಮದುವೆಗೆ ಬೇಡಿಕೆ ಇರುವುದೂ ಬಿಳಿ ಕುದುರೆಗೇ.

ಈಗ ಎಣ್ಣೆಗೆ ಬರುತ್ತೇನೆ. ಕಾಲಿನ ಕೂದಲಿಗೆ ತೆಳ್ಳಗೆ ಎಣ್ಣೆ ಸವರಿದರೆ ನೀರು ಅದರ ಮೇಲೆ ನಿಲ್ಲುವುದಿಲ್ಲ. ನೀರಿನ ಮೂಲಕವೇ ಹಿಡಿತ ಸಾಧಿಸುವ ಎರೆಮಣ್ಣಿಗೆ ಹಿಡಿಯಲು ಜಾಗ ಸಿಗುವುದಿಲ್ಲ. ಮೆತ್ತಿದ ರಾಡಿ ಒಣಗಿದ ಮೇಲೆ ಕೈಯಿಂದ ತಟ್ಟಿದರೂ ಹೆಂಟೆಯಾಗಿ ಉದುರುತ್ತದೆ. ಇದನ್ನು ಇಂಗ್ಲೆಂಡಿನವರು ಚೆನ್ನಾಗಿ ಅರಿತಿದ್ದರು. ಅಲ್ಲಿಯ ಶೈರ್ ಎಂಬ ದೊಡ್ಡ ದುಡಿಮೆಯ ಕುದುರೆಗಳಿಗೆ ಮೊಣಕಾಲಿನ ಕೆಳಗೆ ಉದ್ದನೆಯ ಜೊಂಪೆ ಕೂದಲು. ಅದನ್ನು ಕೆಸರಿನಿಂದ ಉಳಿಸಲು ಹಂದಿಯ ಕೊಬ್ಬಿಗೆ ಗಂಧಕ ಬೆರೆಸಿ ಹಚ್ಚುವ ಪದ್ಧತಿ ಹಿಂದಿನಿಂದ ಬಂದದ್ದು. ಈಗ ಅಲ್ಲಿಯೂ ಕೊಬ್ಬು ಹೋಗಿ ಖನಿಜ ಎಣ್ಣೆ ಬಂದಿದೆ, ಹೆಸರು ಮಾತ್ರ ಹಳೆಯದೇ ಉಳಿದಿದೆ. ಕುದುರೆಗಳಿಗೆಂದೇ ಮಾಡಿದ ತುಟ್ಟಿಯ ಎಣ್ಣೆಗಳು ದೊಡ್ಡ ಊರುಗಳಲ್ಲಿ ಸಿಗುತ್ತವೆ. ನಮಗೆ ಅವು ಬೇಕಾಗಿಲ್ಲ. ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಎಷ್ಟು ದಿನವಾದರೂ ಕೆಡುವುದಿಲ್ಲ. ಕೊಬ್ಬರಿ ಎಣ್ಣೆಯೂ ಒಳ್ಳೆಯದೇ. ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ, ಮಳೆಗಾಲದ ಬೆಳಗಿನಲ್ಲಿ ಡಬ್ಬಿಯಲ್ಲಿ ಬೆಳ್ಳಗೆ ಕೂತಿದ್ದರೆ ಅಂಗೈಯಲ್ಲಿ ತಿಕ್ಕಿಕೊಂಡು ಸವರಬೇಕು ಅಷ್ಟೇ.

ಇಲ್ಲಿ ನಮ್ಮ ಭಾಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ನಮ್ಮದು ಕುಸುಬೆ ಬೆಳೆಯುವ ನಾಡು, ಮನೆಯಲ್ಲಿ ಗಾಣದ ಕುಸುಬೆ ಎಣ್ಣೆ ಇರುತ್ತದೆ, ಅಗಸೆ ಎಣ್ಣೆಯೂ ಇರುತ್ತದೆ. ಕೈಗೆ ಸಿಕ್ಕಿದ್ದನ್ನೇ ಹಚ್ಚೋಣ ಅನ್ನಿಸುವುದು ಸಹಜ. ಆದರೆ ಈ ಎರಡೂ ಗಾಳಿಗೆ ಒಡ್ಡಿದರೆ ಅಂಟಾಗಿ ಒಣಗುವ ಎಣ್ಣೆಗಳು. ಮರದ ಬಾಗಿಲಿಗೆ, ಚಿತ್ರದ ಬಣ್ಣಕ್ಕೆ ಅಗಸೆ ಎಣ್ಣೆ ಬಳಸುವುದು ಅದು ಒಣಗಿ ಪೊರೆಯಾಗುತ್ತದೆ ಎಂದೇ. ಕುದುರೆಯ ಕೂದಲಿನ ಮೇಲೆ ಅದು ಜಿಗುಟಾಗಿ ನಿಂತು ಧೂಳು, ಹೊಟ್ಟು, ಸಗಣಿಯ ಪುಡಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಕುಸುಬೆ ಎಣ್ಣೆಯ ಜಾಗ ಕುದುರೆಯ ಹೊಟ್ಟೆ. ನೆನೆಸಿದ ಕಡಲೆಗೆ, ಹುರುಳಿಗೆ ಒಂದೆರಡು ಚಮಚದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ ಬೆರೆಸಿಕೊಟ್ಟರೆ ಮೈಯ ರೋಮಕ್ಕೆ ಒಳಗಿನಿಂದಲೇ ಹೊಳಪು ಬರುತ್ತದೆ. ನಿಕಿತಿನ್ ಕಂಡ ಜನ ದಾಣಿಗೆ ಜಿಡ್ಡು ಬೆರೆಸುತ್ತಿದ್ದುದು ಅರ್ಥವಿಲ್ಲದ ಐಷಾರಾಮವಲ್ಲ. ಔಡಲ ಎಣ್ಣೆ ಒಣಗುವುದಿಲ್ಲವಾದರೂ ಬಹಳ ಮಂದ, ಅದೂ ಬೇಡ. ಬೇವಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೆರೆಸಿದರೆ ನೊಣ ದೂರ ಇರುತ್ತದೆ, ಕಹಿಗೆ ಕುದುರೆ ನೆಕ್ಕುವುದೂ ಇಲ್ಲ. ಬರಿಯ ಬೇವಿನ ಎಣ್ಣೆ ಕೆಲವು ಕುದುರೆಗಳ ಚರ್ಮಕ್ಕೆ ಉರಿ ತರುತ್ತದೆ. ಗಂಧಕವೂ ಹಾಗೆಯೇ, ಎಲ್ಲ ಮೈಗೂ ಒಗ್ಗುವುದಿಲ್ಲ. ಹೊಸದಾಗಿ ಏನನ್ನೇ ಹಚ್ಚಲಿ, ಮೊದಲು ಒಂದು ಕಾಲಿನಲ್ಲಿ ರೂಪಾಯಿಯಗಲ ಜಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಕೆಂಪಾಗದಿದ್ದರೆ, ಕಾವೇರದಿದ್ದರೆ ಮುಂದುವರಿಯಿರಿ.

ಇನ್ನೊಂದು ಎಣ್ಣೆಯ ಹೆಸರೆತ್ತಲೂ ನನಗೆ ಸಂಕಟವಾಗುತ್ತದೆ. ಅದು ಸುಟ್ಟ ಎಂಜಿನ್ ಆಯಿಲ್. ಹೈದರಾಬಾದ್–ಪುಣೆ ಹೆದ್ದಾರಿಯ ಉದ್ದಕ್ಕೂ, ಹುಮನಾಬಾದಿನಿಂದ ಸಸ್ತಾಪುರ ಬಂಗಲೆಯವರೆಗೆ, ಗ್ಯಾರೇಜುಗಳಿವೆ, ಲಾರಿಗಳಿಂದ ಇಳಿಸಿದ ಕರಿ ಎಣ್ಣೆ ಪುಕ್ಕಟೆ ಸಿಗುತ್ತದೆ. ದನದ ಹುಣ್ಣಿಗೆ, ಕುದುರೆಯ ಕಾಲಿಗೆ ಅದನ್ನು ಬಳಿಯುವ ರೂಢಿ ಇನ್ನೂ ಹೋಗಿಲ್ಲ. ನೊಣ ಕೂರುವುದಿಲ್ಲ, ನೀರು ಹಿಡಿಯುವುದಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಏನೆಂದರೆ ಆ ಎಣ್ಣೆಯಲ್ಲಿ ಎಂಜಿನ್ ಸವೆದ ಲೋಹದ ಕಣಗಳು, ಸುಟ್ಟು ಹುಟ್ಟಿದ ವಿಷಗಳು ಇರುತ್ತವೆ ಎಂಬುದು. ಚರ್ಮ ಸುಡುತ್ತದೆ, ಪ್ರಾಣಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ, ಹಚ್ಚುವವನ ಕೈಗೂ ಅದು ಒಳ್ಳೆಯದಲ್ಲ. ದಯವಿಟ್ಟು ಅದನ್ನು ಯಾವ ಪ್ರಾಣಿಯ ಮೈಗೂ ಮುಟ್ಟಿಸಬೇಡಿ.

ಹಚ್ಚುವ ಹೊತ್ತು ಮತ್ತು ರೀತಿಯಲ್ಲೇ ಇಡೀ ಫಲ ಇದೆ. ಎಣ್ಣೆ ಬೀಳಬೇಕಾದದ್ದು ರಾಡಿಗಿಂತ ಮುಂಚೆ, ಒಣಗಿದ, ಶುದ್ಧವಾದ ಕಾಲಿನ ಮೇಲೆ. ಒದ್ದೆ ಕಾಲಿಗೆ ಎಣ್ಣೆ ಹಚ್ಚಿದರೆ ತೇವವನ್ನು ಒಳಗೆ ಹಾಕಿ ಬೀಗ ಜಡಿದ ಹಾಗಾಯಿತು, ಒಳಗಿನ ಸೂಕ್ಷ್ಮಜೀವಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಮಳೆ ಬಿಡುವು ಕೊಟ್ಟ ಒಂದು ಮುಂಜಾನೆ ನೋಡಿಕೊಂಡು, ಕಾಲಿನ ಒಣಮಣ್ಣನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಬೆರಳ ತುದಿಯಿಂದ ಮೊಣಕಾಲಿನ ಕೆಳಗೆ ಗೊರಸಿನವರೆಗೆ, ಹಿಂಬದಿಯ ಮಡಿಕೆಯನ್ನು ಬಿಡದೆ, ಎಲ್ಲ ಕಡೆ ಮುಟ್ಟಿ ನೋಡಿ. ಹಕ್ಕಳೆ ಇಲ್ಲ, ಗಾಯ ಇಲ್ಲ, ಕಾವಿಲ್ಲ ಎಂದು ಖಾತ್ರಿಯಾದ ಮೇಲೆ ಅಂಗೈಗೆ ಸ್ವಲ್ಪವೇ ಎಣ್ಣೆ ಹಾಕಿಕೊಂಡು, ಮೊದಲು ಕೂದಲಿಗೆ ಎದುರಾಗಿ, ಆಮೇಲೆ ಕೂದಲು ಮಲಗುವ ದಿಕ್ಕಿಗೆ ಸವರಿ. ತೊಟ್ಟಿಕ್ಕುವಷ್ಟು ಬೇಡ. ತೊಟ್ಟಿಕ್ಕಿದ ಎಣ್ಣೆ ಶಹಾಬಾದ್ ಫರಸಿಯ ಮೇಲೆ ಬಿದ್ದರೆ ಲಾಳ ಕಟ್ಟಿದ ಕುದುರೆ ಜಾರಿ ಬೀಳುತ್ತದೆ, ಅದು ಕಾಲು ಮುರಿಯುವ ಅಪಾಯ. ಜೀನು ಕೂರುವಲ್ಲಿ, ಜೀನಿನ ಹೊಟ್ಟೆಪಟ್ಟಿ ಬಿಗಿಯುವಲ್ಲಿ ಎಣ್ಣೆ ಮುಟ್ಟಬಾರದು, ಜೀನು ಸರಿದು ಮೇಲಿದ್ದವನು ಬೀಳುತ್ತಾನೆ. ವಾರಕ್ಕೆ ಒಂದೆರಡು ಸಲ ಸಾಕು. ಜೋರು ಮಳೆಯಲ್ಲಿ ನಡೆದು ಬಂದಿದ್ದರೆ ಒಣಗಿದ ಮೇಲೆ ಮತ್ತೊಮ್ಮೆ. ಮಳೆ ಕೈಕೊಟ್ಟು ಬಿಸಿಲು ಸುಡುತ್ತಿರುವ ದಿನಗಳಲ್ಲಿ ಬಿಳಿ ಕಾಲಿಗೆ ಎಣ್ಣೆ ಬೇಡ, ಗುಲಾಬಿ ಚರ್ಮ ಬೇಗ ಬೇಯುತ್ತದೆ.

ಹೊರಗಿನಿಂದ ಬಂದಾಗ ಏನು ಮಾಡಬೇಕು ಎಂದು ಕೇಳುತ್ತಾರೆ. ಕೊಳವೆ ಹಿಡಿಯುವ ಮುಂಚೆ ಗೋಣಿತಟ್ಟು ಹಿಡಿಯಿರಿ. ಹಸಿ ರಾಡಿಯನ್ನು ಮೇಲಿನಿಂದ ಕೆಳಗೆ ಒರೆಸಿ ತೆಗೆಯಿರಿ, ಒಣ ಹುಲ್ಲಿನ ಕಟ್ಟಿನಿಂದ ಉಜ್ಜಿ ಒಣಗಿಸಿ, ಉಳಿದದ್ದು ತಾನಾಗಿ ಒಣಗಲಿ. ಎಣ್ಣೆ ಹಚ್ಚಿದ ಕಾಲಾದರೆ ಮರುದಿನ ಅರ್ಧ ಕೆಲಸ ತಾನೇ ಆಗಿರುತ್ತದೆ. ತೊಳೆಯಲೇಬೇಕಾದರೆ ತೊಳೆಯಿರಿ, ಆದರೆ ಹತ್ತಿಯ ಬಟ್ಟೆಯಿಂದ ಒರೆಸಿ ಒಣಗಿಸುವಷ್ಟು ಹೊತ್ತು ಇಟ್ಟುಕೊಂಡೇ ತೊಳೆಯಿರಿ. ಗೊರಸಿನ ಹಿಂದಿನ ಕೂದಲನ್ನು ಚೊಕ್ಕ ಕಾಣಲೆಂದು ಬೋಳಿಸುವವರಿದ್ದಾರೆ. ಮಳೆಗಾಲದಲ್ಲಿ ಬೋಳಿಸಬೇಡಿ, ಕಾಲಿನ ಮೇಲಿಂದ ಇಳಿದ ನೀರು ಆ ಕೂದಲ ತುದಿಯಿಂದಲೇ ನೆಲಕ್ಕೆ ತೊಟ್ಟಿಕ್ಕುತ್ತದೆ. ಗೊರಸಿನ ಅಡಿಯನ್ನೂ ದಿನಾ ಕೆದಕಿ ನೋಡಬೇಕು. ಎರೆ ಅಲ್ಲಿ ಗಟ್ಟಿಯಾಗಿ ಕೂತು ಕೊಳೆಸುತ್ತದೆ, ಕಪ್ಪು ನೀರು ಒಸರಿ ದುರ್ನಾತ ಬಂದರೆ ಕೊಳೆತ ಶುರುವಾಗಿದೆ ಎಂದೇ ಅರ್ಥ.

ಬಾಲದ ಮಾತು ಬೇರೆ. ಕಾಲಿಗೆ ಎಣ್ಣೆ ಹಚ್ಚುವುದು ಚರ್ಮ ಉಳಿಸಲು, ಬಾಲಕ್ಕೆ ಹಚ್ಚುವುದು ಕೂದಲು ಉಳಿಸಲು. ಒದ್ದೆ ಬಾಲದ ತುದಿಗೆ ಎರೆ ಮೆತ್ತಿ ಗುಂಡು ಗುಂಡಾಗುತ್ತದೆ. ಒಣಗಿದ ಗುಂಡು ಹೆಜ್ಜೆಹೆಜ್ಜೆಗೂ ಹಿಂಗಾಲಿನ ಗಂಟಿಗೆ ಬಡಿಯುತ್ತದೆ. ನೊಣ ಹೊಡೆಯಲು ಬಾಲ ಬೀಸಿದರೆ ತನ್ನ ಹೊಟ್ಟೆಗೇ ಏಟು. ಬೇಸತ್ತ ಮಾಲೀಕ ಕತ್ತರಿ ಹಾಕಿಬಿಡುತ್ತಾನೆ. ಬಾಲದ ಕೂದಲು ನೆಲ ಮುಟ್ಟುವಷ್ಟು ಬೆಳೆಯಲು ವರ್ಷಗಳೇ ಬೇಕು, ಅಷ್ಟು ದಿನ ಕುದುರೆಗೆ ನೊಣದ ವಿರುದ್ಧ ಆಯುಧವಿಲ್ಲ, ಮೆರವಣಿಗೆಯಲ್ಲಿ ಅಂದವೂ ಇಲ್ಲ. ಕತ್ತರಿಯ ಬದಲು ಬೆರಳು ಬಳಸಿ. ಒಣಗಿದ ಗುಂಡನ್ನು ಪುಡಿ ಮಾಡಿ ಉದುರಿಸಿ, ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗುತ್ತ ಸಿಕ್ಕು ಬಿಡಿಸಿ. ಆಮೇಲೆ ಅಂಗೈಯಲ್ಲಿ ಪಸರಿಸಿದ ಎಣ್ಣೆಯನ್ನು ಬಾಲದ ಕೆಳಗಿನ ಅರ್ಧಕ್ಕೆ ಮಾತ್ರ ಸವರಿ. ಬುಡಕ್ಕೆ ಎಣ್ಣೆ ಮೆತ್ತಿದರೆ ಕೊಳೆ ಕೂತು ತುರಿಕೆ ಹುಟ್ಟುತ್ತದೆ, ಕುದುರೆ ಗೋಡೆಗೆ ತಿಕ್ಕಿ ತಿಕ್ಕಿ ಬುಡದ ಕೂದಲನ್ನೇ ಕಳೆದುಕೊಳ್ಳುತ್ತದೆ. ರಾಡಿಯ ದಾರಿಯಲ್ಲಿ ಹೋಗುವುದಿದ್ದರೆ ಕೆಳಗಿನ ಕೂದಲನ್ನು ಸಡಿಲವಾಗಿ ಜಡೆ ಹೆಣೆದು, ಮೇಲಕ್ಕೆ ಮಡಿಚಿ, ಬಟ್ಟೆಯ ಪಟ್ಟಿಯಿಂದ ಕಟ್ಟಿ. ಎಲುಬು ಇರುವ ಭಾಗದ ಮೇಲೆ ಬಿಗಿಯಾಗಿ ಕಟ್ಟಬಾರದು, ರಕ್ತದ ಹರಿವು ನಿಲ್ಲುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಬೇಕು.

ಎಷ್ಟೇ ಎಣ್ಣೆ ಹಚ್ಚಿದರೂ ಕುದುರೆ ಹಗಲಿರುಳು ಕೆಸರಿನ ಗುಂಡಿಯಲ್ಲೇ ನಿಂತಿದ್ದರೆ ಉಪಯೋಗವಿಲ್ಲ. ನಿಲ್ಲುವ ಜಾಗವನ್ನು ಮೊದಲು ಎತ್ತರಿಸಿ. ಹುಮನಾಬಾದ ಕಡೆಯ ಕೆಂಪು ಮೊರಂ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಟ್ರ್ಯಾಲಿ ಮೊರಂ ತಂದು, ಒಂದು ಕಡೆಗೆ ಇಳಿಜಾರು ಬಿಟ್ಟು, ಬಡಿದು ಕೂರಿಸಿದರೆ ನೀರು ಹರಿದುಹೋಗುತ್ತದೆ. ನಾನು ಹೇಳಿದ ಕೊಹಿನೂರದ ಮನೆಯವರು ಮರುವರ್ಷ ಮಾಡಿದ್ದು ಇಷ್ಟೇ. ಮೊರಂ ಹಾಕಿದರು, ಕೊಳವೆ ಬಿಟ್ಟು ಗೋಣಿತಟ್ಟು ಹಿಡಿದರು, ಮಳೆಗಿಂತ ಮುಂಚೆ ಎಣ್ಣೆ ಸವರಿದರು. ತುಳಸಿ ಲಗ್ನ ಮುಗಿದು ಮದುವೆಗಳು ಆರಂಭವಾದಾಗ ಅವರ ಕುದುರೆ ನಾಲ್ಕೂ ಕಾಲಿನ ಕೂದಲಿನೊಂದಿಗೆ ಮೆರವಣಿಗೆಗೆ ಹೊರಟಿತು. ದುಡಿಮೆ ಇಲ್ಲದ ನಾಲ್ಕು ತಿಂಗಳಲ್ಲಿ ಕಾಲು ಕೆಟ್ಟರೆ ದುಡಿಮೆಯ ತಿಂಗಳುಗಳೂ ಹೋಗುತ್ತವೆ, ಈ ಮನೆಗಳ ಲೆಕ್ಕಾಚಾರ ಬಹಳ ಬಿಗಿಯಾದದ್ದು. ಖರ್ಚಿಗೆ ಹಿಂದುಮುಂದು ನೋಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎಣ್ಣೆಯ ಒಂದು ಬಾಟಲಿಗೆ ಆಗುವ ಹಣಕ್ಕೂ, ತಪ್ಪಿಹೋದ ಒಂದು ಲಗ್ನದ ಹಣಕ್ಕೂ ತಾಳೆ ಹಾಕಿ ನೋಡಿ.

ಕುರಿಗಾರ ಬಂಧುಗಳಿಗೆ ಬೇರೆಯದೇ ಕಷ್ಟ. ಅವರಿಗೆ ಲಾಯವಿಲ್ಲ, ಇಂದು ಒಂದು ಹೊಲ, ನಾಳೆ ಇನ್ನೊಂದು. ಅವರ ತಟ್ಟುಗಳು ಗಟ್ಟಿ ಜಾತಿ. ಭೀಮಾ ತೀರದ ಹೆಸರು ಹೊತ್ತ ಭೀಮಥಡಿ ಕುದುರೆಯನ್ನು ಈಚೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿಸಿದ್ದಾರೆ. ಮಹಾರಾಷ್ಟ್ರದ ಧನಗರ ಕುರಿಗಾರರು ಆ ತಳಿಯನ್ನು ಹಿಂಡಿನ ಜೊತೆ ನಡೆಸಿಕೊಂಡೇ ಉಳಿಸಿಕೊಂಡು ಬಂದವರು. ಗಟ್ಟಿ ಕಾಲಾದರೂ ಕಾಲೇ ತಾನೆ. ರಾತ್ರಿ ಬೀಡುಬಿಡುವಾಗ ತಟ್ಟನ್ನು ದಿಬ್ಬದ ಮೇಲೆ, ಕಲ್ಲುನೆಲದ ಮೇಲೆ ಕಟ್ಟಿ, ಹೇರಿನ ಜೊತೆ ಸಣ್ಣ ಡಬ್ಬಿ ಕೊಬ್ಬರಿ ಎಣ್ಣೆ ಇರಲಿ. ಕಾಲಿನಲ್ಲಿ ಹಕ್ಕಳೆ ಕಂಡ ತಟ್ಟಿನಿಂದ ಕುರಿಗಳಿಗೂ ಎಚ್ಚರ ಬೇಕು, ಅದೇ ಸೂಕ್ಷ್ಮಜೀವಿ ಕುರಿಯ ಉಣ್ಣೆಯ ಬುಡದಲ್ಲೂ ರೋಗ ಹುಟ್ಟಿಸಬಲ್ಲದು. ಅಪರೂಪಕ್ಕೆ ಮನುಷ್ಯರ ಕೈಗೂ ಹತ್ತುತ್ತದೆ. ರೋಗದ ಕಾಲು ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯುವುದನ್ನು ಮರೆಯಬೇಡಿ.

ಹಕ್ಕಳೆ ಆಗಲೇ ಬಂದಿದ್ದರೆ ಎಣ್ಣೆಯ ಕೆಲಸ ಅಲ್ಲಿಗೆ ಮುಗಿಯಿತು. ಎಣ್ಣೆ ತಡೆಯುವ ಉಪಾಯ, ವಾಸಿ ಮಾಡುವ ಔಷಧವಲ್ಲ. ಹಕ್ಕಳೆಯ ಮೇಲೆ ಎಣ್ಣೆ ಮೆತ್ತಿ ಸುಮ್ಮನಾದರೆ ಒಳಗೊಳಗೇ ಹಬ್ಬುತ್ತದೆ. ಕುದುರೆಯನ್ನು ಒಣ ಜಾಗಕ್ಕೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ. ಕ್ಲೋರ್‌ಹೆಕ್ಸಿಡಿನ್‌ನಂಥ ಔಷಧವನ್ನು ನೀರಿನಲ್ಲಿ ತೆಳುಮಾಡಿ, ಹಕ್ಕಳೆ ನೆನೆದು ತಾನಾಗಿ ಬಿಡುವಂತೆ ಮಾಡಿ, ಪೂರ್ತಿ ಒಣಗಿಸಿ ಮುಲಾಮು ಹಚ್ಚುವ ಕ್ರಮವನ್ನು ಅವರು ತೋರಿಸಿಕೊಡುತ್ತಾರೆ. ಒಣ ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ಬಿದ್ದ ಹಕ್ಕಳೆಯನ್ನು ಅಲ್ಲೇ ಬಿಡದೆ ಆರಿಸಿ ಸುಟ್ಟುಬಿಡಿ. ಲಿಕ್ವಿಡ್ ಪ್ಯಾರಾಫಿನ್ ಮನೆಯಲ್ಲಿದೆ, ಹೊಟ್ಟೆನೋವಿಗೂ ಅದನ್ನೇ ಕೊಡುತ್ತಾರಂತೆ ಎಂದು ಬಾಟಲಿ ಹಿಡಿದು ಕುದುರೆಯ ಬಾಯಿಗೆ ಸುರಿಯಲು ಮಾತ್ರ ಹೋಗಬೇಡಿ. ವೈದ್ಯರು ಅದನ್ನು ಮೂಗಿನ ಮೂಲಕ ಕೊಳವೆ ಇಳಿಸಿ ನೇರ ಹೊಟ್ಟೆಗೆ ಬಿಡುತ್ತಾರೆ. ಬಾಯಿಗೆ ಸುರಿದದ್ದು ಪುಪ್ಪುಸಕ್ಕೆ ಇಳಿದರೆ ಕುದುರೆ ಉಳಿಯುವುದು ಕಷ್ಟ.

ಕಾಲು ಮೊಣಕಾಲಿನವರೆಗೆ ಬಾತಿದ್ದರೆ, ಮುಟ್ಟಿದರೆ ಬಿಸಿ ಹತ್ತುತ್ತಿದ್ದರೆ, ಕುದುರೆ ಕಾಲೂರದೆ ಮೇವು ಬಿಟ್ಟಿದ್ದರೆ ಒಂದು ದಿನವೂ ಕಾಯಬಾರದು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನದ ಸಹಾಯ ಸಿಗುತ್ತದೆ. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ, ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ನಮ್ಮ ಜಿಲ್ಲೆಯಲ್ಲಿದೆ. ಕುದುರೆಯನ್ನು ಅಷ್ಟು ದೂರ ನಡೆಸಿಕೊಂಡು ಹೋಗಬೇಡಿ, ಗಾಡಿಯಲ್ಲಿ ಹುಲ್ಲು ಹಾಸಿ ಏರಿಸಿಕೊಂಡು ಹೋಗಿ. ಕಾಲಿಗೆ ಏನು ಹಚ್ಚಿದ್ದಿರಿ, ಎಷ್ಟು ದಿನದಿಂದ ಹಚ್ಚಿದ್ದಿರಿ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಆ ಎಣ್ಣೆಯ ಬಾಟಲಿಯನ್ನೂ ಜೊತೆಗೆ ಒಯ್ದು ತೋರಿಸಿ.